ಕಾಣುವುದು ಮತ್ತು ಕಂಡೂ ಕಾಣದಿರುವುದು: ಗಡಿನಾಡಿನಿಂದ ಮೂರು ಪುಸ್ತಕಗಳ ಓದು

ಇತ್ತೀಚೆಗೆ ಓದಿದ್ದರ ಬಗ್ಗೆ ಮಾತಾಡಬೇಕು ಅಂದಾಗ ನಾನು ಮೂರು ಪುಸ್ತಕ ಆರಿಸಿಕೊಂಡೆ. ಟೆಡ್ ಚಿಯಾಂಗ್ ಅವರ ನೀಳ್ಗತೆ ‘ಸ್ಟೋರಿ ಆಫ್ ಯುವರ್ ಲೈಫ್’ (1998), ಚೈನಾ ಮಿಯೆವಿಲ್ ಅವರ ಕಾದಂಬರಿ ‘ದ ಸಿಟಿ ಅಂಡ್ ದ ಸಿಟಿ’ (2009), ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980). ಮೊದಲೆರಡನ್ನು ವೈಜ್ಞಾನಿಕ ಕಥಾಸಾಹಿತ್ಯ ಅಂತ ಕರೀತಾರೆ. ಮೂರನೆಯದನ್ನು ಸಾಮಾನ್ಯವಾಗಿ ಆ ಸಾಲಿನಲ್ಲಿ ಇಡೋದಿಲ್ಲ. ಆದರೆ ಕಾಸರಗೋಡಿನಲ್ಲಿ ಕೂತು ಓದುವಾಗ ಮೂರೂ ಒಂದೇ ಪ್ರಶ್ನೆ ಕೇಳ್ತವೆ ಅನ್ನಿಸಿತು: ಕಣ್ಣೆದುರಿಗೆ ಇರುವುದನ್ನು ನಾವು ಕಾಣುವುದು ಯಾವಾಗ?

ಚಿಯಾಂಗ್ ಕಥೆಯಲ್ಲಿ ಭೂಮಿಗೆ ಬಂದ ಏಳು ಕಾಲಿನ ಜೀವಿಗಳ ಭಾಷೆಯನ್ನು ಲೂಯಿಸ್ ಬ್ಯಾಂಕ್ಸ್ ಎಂಬ ಭಾಷಾವಿಜ್ಞಾನಿ ಕಲಿಯುತ್ತಾಳೆ. ಕಲಿತ ಮೇಲೆ ಅವಳಿಗೆ ಭೂತ, ವರ್ತಮಾನ, ಭವಿಷ್ಯ ಒಟ್ಟಿಗೇ ಕಾಣತೊಡಗುತ್ತವೆ. 2016ರ ‘ಅರೈವಲ್’ ಸಿನಿಮಾ ನೋಡಿದವರಿಗೆ ಇದು ಗೊತ್ತು. ನನಗೆ ಹಿಡಿಸಿದ್ದು ಆ ಪವಾಡ ಅಲ್ಲ, ಅದಕ್ಕೆ ಮೊದಲಿನ ಭಾಗ. ಆ ಜೀವಿಗಳು ಆಡುವ ಭಾಷೆ ಒಂದು, ಬರೆಯುವ ಭಾಷೆ ಪೂರ್ತಿ ಬೇರೆ. ಬರಹವು ಮಾತಿನ ನೆರಳಲ್ಲ. ಲೂಯಿಸ್‌ಗೆ ಇದೊಂದು ದೊಡ್ಡ ಶೋಧ. ನಮ್ಮೂರಿನ ಎಷ್ಟೋ ಮನೆಗಳಲ್ಲಿ ಇದು ದಿನದ ಬದುಕು: ಆಡುವುದು ತುಳು, ಬರೆಯುವುದು ಕನ್ನಡ, ಬಸ್ಸಿನ ಬೋರ್ಡು ಓದುವುದು ಮಲಯಾಳಂ.

ಹಾಗಾಗಿಯೇ ಕಥೆಯ ಮೂಲ ನಂಬಿಕೆಯ ಬಗ್ಗೆ ನನಗೆ ತಕರಾರಿದೆ. ಹೊಸ ಭಾಷೆ ಬಂದರೆ ಮನಸ್ಸಿನ ರಚನೆಯೇ ಬದಲಾಗುತ್ತದೆ ಅನ್ನುವುದು ಒಂದೇ ಭಾಷೆಯಲ್ಲಿ ಬೆಳೆದವರ ಬೆರಗು. ಮೂರು ನಾಲ್ಕು ಭಾಷೆಗಳ ನಡುವೆ ಬೆಳೆದವರಿಗೆ ಭಾಷೆ ಬದಲಾದರೆ ಕಾಲ ಬದಲಾಗಲ್ಲ. ಎದುರಿಗಿರುವ ಮನುಷ್ಯನ ಜೊತೆಗಿನ ಸಂಬಂಧ ಬದಲಾಗುತ್ತದೆ. ಅಂಗಡಿಯಲ್ಲಿ ಮಲಯಾಳಂನಲ್ಲಿ ಶುರುವಾದ ಮಾತು ತುಳುವಿಗೆ ತಿರುಗಿದ ಕೂಡಲೇ ಇಬ್ಬರ ದನಿಯೂ ಮೆತ್ತಗಾಗುತ್ತದಲ್ಲ, ಅದು. ಚಿಯಾಂಗ್ ಭಾಷೆಯನ್ನು ಒಬ್ಬಳ ತಲೆಯೊಳಗೆ ಇಟ್ಟರು; ಅದು ಇರೋದು ಇಬ್ಬರ ನಡುವೆ.

ಮಿಯೆವಿಲ್ ಈ ‘ನಡುವೆ’ಯನ್ನೇ ಬರೆದಿದ್ದಾರೆ. ಬೆಶೆಲ್, ಉಲ್ ಕೋಮಾ ಎಂಬ ಎರಡು ನಗರಗಳು ಒಂದೇ ಜಾಗದಲ್ಲಿವೆ. ಒಂದೇ ಬೀದಿಯಲ್ಲಿ ನಡೆದರೂ ಈ ನಗರದವರು ಆ ನಗರದವರನ್ನು ನೋಡಬಾರದು. ನೋಡಿದರೆ ‘ಬ್ರೀಚ್’ ಎಂಬ ಶಕ್ತಿ ಹಿಡಿದುಕೊಂಡು ಹೋಗುತ್ತದೆ. ರಾಕೆಟ್ಟಿಲ್ಲ, ರೋಬಾಟಿಲ್ಲ, ಇರೋದು ಒಂದು ಕೊಲೆಯ ತನಿಖೆ. ಆದರೂ 2010ರ ಹ್ಯೂಗೊ ಪ್ರಶಸ್ತಿ ಹಂಚಿಕೊಂಡ ಕಾದಂಬರಿ ಇದು. ಈ ಕ್ರಿಯೆಗೆ ಇಂಗ್ಲಿಷಿನಲ್ಲಿ ‘ಅನ್‌ಸೀ’ ಅನ್ನುವ ವಿಚಿತ್ರ ಕ್ರಿಯಾಪದ ಬೇಕಾಯಿತು. ಕನ್ನಡದಲ್ಲಿ ಮೊದಲಿಂದಲೇ ಇದೆ: ಕಂಡೂ ಕಾಣದ ಹಾಗಿರುವುದು. ಈ ನುಡಿಗಟ್ಟು ನಮ್ಮಲ್ಲಿ ಇಷ್ಟು ಸಲೀಸಾಗಿ ಇರೋದು ಹೆಮ್ಮೆಯ ವಿಷಯವೋ ಅಲ್ಲವೋ, ನೀವೇ ಹೇಳಬೇಕು.

ಎರಡು ನಗರಗಳ ಭಾಷೆಗಳಿಗೆ ಲಿಪಿ ಬೇರೆ, ಮೂಲ ಒಂದೇ. ಹಾಗೆ ಹೇಳುವುದೂ ಅಲ್ಲಿ ಹೆಚ್ಚುಕಡಿಮೆ ದ್ರೋಹದಂತೆ. ಕನ್ನಡ, ಮಲಯಾಳಂಗಳನ್ನು ಬಲ್ಲವರಿಗೆ ವಿವರಣೆ ಬೇಡ. ಹಾಗಂತ ‘ಇದು ನಮ್ಮ ಕಾಸರಗೋಡಿನ ಕಥೆ’ ಅಂದುಬಿಟ್ಟರೆ ಓದು ತೆಳುವಾಗುತ್ತದೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ ನಮ್ಮ ಬೀದಿಗಳಲ್ಲಿ ಭಾಷೆಗಳು ಕಲೆತೇ ಇವೆ. ಬೀದಿಯಲ್ಲಿ ನಾವು ಒಬ್ಬರನ್ನೊಬ್ಬರು ಕಾಣುತ್ತೇವೆ. ಕಾಣದಿರುವುದು ಕಾಗದದ ಮೇಲೆ. ಅರ್ಜಿ ನಮೂನೆಯಲ್ಲಿ ಕನ್ನಡ ಕಾಣದಾಗ ನಾವು ದನಿ ಎತ್ತುತ್ತೇವೆ, ಎತ್ತಲೇಬೇಕು. ಆದರೆ ನಮ್ಮದೇ ಸಾಹಿತ್ಯಚರಿತ್ರೆಗಳು ಇಲ್ಲಿನ ಬರಹಗಾರರನ್ನು ‘ಗಡಿನಾಡ ಸಾಹಿತ್ಯ’ ಅನ್ನುವ ಪ್ರತ್ಯೇಕ ಕೋಣೆಗೆ ಕಳಿಸಿ ಬಾಗಿಲು ಹಾಕಿದಾಗ? ಪಕ್ಕದ ಮನೆಯ ಮಲಯಾಳಂ ಕಾದಂಬರಿಯನ್ನು ನಾವು ಇಂಗ್ಲಿಷ್ ಅನುವಾದದಲ್ಲಿ ಓದುವಾಗ? ಅಲ್ಲಿ ಯಾವ ಬ್ರೀಚೂ ಬೇಕಿಲ್ಲ. ಕಾದಂಬರಿ ಹೇಳೋದೂ ಇದನ್ನೇ: ಗಡಿಯನ್ನು ಪೊಲೀಸರಿಗಿಂತ ಹೆಚ್ಚು ಕಾಯುವುದು ಚಿಕ್ಕಂದಿನಿಂದ ಕಲಿತ ಅಭ್ಯಾಸ.

‘ಕರ್ವಾಲೊ’ ಈ ಅಭ್ಯಾಸದ ಎದುರು ದಿಕ್ಕಿನಲ್ಲಿದೆ. ಊರಿನ ಪಾಲಿಗೆ ಮಂದಣ್ಣ ಕೆಲಸಕ್ಕೆ ಬಾರದವನು. ಹಾರುವ ಓತಿಯನ್ನು ಮೊದಲು ಕಂಡವನು ಅವನೇ. ವಿಜ್ಞಾನಿ ಕರ್ವಾಲೊರ ದೊಡ್ಡತನ ಓತಿಯನ್ನು ಹುಡುಕಿಕೊಂಡು ಹೋದದ್ದಲ್ಲ, ಮಂದಣ್ಣನನ್ನು ಕಂಡದ್ದು. ಕೊನೆಯಲ್ಲಿ ಓತಿ ಪ್ರಪಾತದ ಕಡೆ ತೇಲಿ ಕಣ್ಮರೆಯಾದರೂ ಆ ನೋಟ ಉಳಿಯುತ್ತದೆ. ಲೋಕದ ಒಂದು ಅಪರಿಚಿತ ಸಂಗತಿಯ ಎದುರು ನಮ್ಮ ನೋಟವನ್ನೇ ಬದಲಿಸುವುದು ವೈಜ್ಞಾನಿಕ ಕಥೆಯ ಕೆಲಸ ಅನ್ನುವುದಾದರೆ, ಇದು ಅದನ್ನು ಮೂಡಿಗೆರೆಯ ಕಾಡಿನಲ್ಲೇ ಮಾಡಿದೆ.

ಒಂದು ಆಕ್ಷೇಪ ಮಾತ್ರ ಉಳಿಯುತ್ತದೆ. ಮಂದಣ್ಣನ ತಿಳಿವಳಿಕೆಗೆ ಬೆಲೆ ಬರಲು ಒಬ್ಬ ವಿಜ್ಞಾನಿಯ ಮುದ್ರೆ ಬೇಕಾಯಿತು. ಗಡಿನಾಡಿನ ಬರಹವೂ ಬೆಂಗಳೂರಿನ ಕರ್ವಾಲೊ ಒಬ್ಬರಿಗಾಗಿ ಕಾಯುತ್ತಾ ಕೂರಬೇಕೇ? ಬೇಡ ಅಂತ ನನ್ನ ಅನಿಸಿಕೆ. ಮೊದಲು ನಾವು ನಮ್ಮ ಮಗ್ಗುಲಲ್ಲಿರುವುದನ್ನು ಓದೋಣ: ತುಳು, ಮಲಯಾಳಂ, ಬ್ಯಾರಿ, ಕೊಂಕಣಿ, ಮತ್ತೆ ‘ಜನಪ್ರಿಯ’ ಅಂತ ನಮ್ಮ ತರಗತಿಗಳು ಬದಿಗಿಡುವ ಪುಸ್ತಕಗಳನ್ನೂ. ನಿಮ್ಮ ಪ್ರಶ್ನೆಗಳಿದ್ದರೆ ಕೇಳಬಹುದು.