ಗಾಳಿಗೆ ತೆರೆದಿಟ್ಟ ಕೊಪ್ಪರಿಗೆ

ಬಿಯರ್‌ನ ಇತಿಹಾಸದಲ್ಲಿ 1883ನೆಯ ಇಸವಿ ಒಂದು ಗಡಿಗೆರೆ. ಆ ವರ್ಷ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸೆನ್ ಒಂದೇ ಯೀಸ್ಟ್ ಕೋಶದಿಂದ ಶುದ್ಧ ತಳಿಯನ್ನು ಬೆಳೆಸುವ ವಿಧಾನವನ್ನು ಸಾಧಿಸಿದ ಮೇಲೆ, ಒಂದೇ ರುಚಿಯ ಬಿಯರ್ ಪ್ರತಿ ಬಾರಿಯೂ ತಪ್ಪದೆ ಬರುವಂತೆ ಮಾಡುವುದು ಜಗತ್ತಿನ ಹೆಚ್ಚಿನ ತಯಾರಕರ ಗುರಿಯಾಯಿತು. ಗಾಳಿಯಿಂದ ಬಂದು ಸೇರುವ ಕಾಡು ಯೀಸ್ಟ್‌ಗಳನ್ನು ಹೊರಗಿಡುವುದೇ ಒಳ್ಳೆಯ ಕಸುಬಿನ ಲಕ್ಷಣವೆನಿಸಿತು. ಇದಾಗಿ ಹದಿನೇಳು ವರ್ಷಗಳ ನಂತರ, 1900ರಲ್ಲಿ, ಬೆಲ್ಜಿಯಂನ ರಾಜಧಾನಿ ಬ್ರಸೆಲ್ಸ್‌ಗೆ ಸೇರಿದ ಆಂಡರ್‌ಲೆಕ್ಟ್‌ನ ಗ್ಯೂಡ್ ಬೀದಿಯಲ್ಲಿ ಪಾಲ್ ಕ್ಯಾಂಟಿಯೋನ್ ಮತ್ತು ಅವರ ಪತ್ನಿ ಮಾರಿ ಟ್ರೋಕ್ ತೆರೆದ ಅಂಗಡಿ ಇದಕ್ಕೆ ನೇರ ವಿರುದ್ಧವಾದ ನಂಬಿಕೆಯ ಮೇಲೆ ನಿಂತಿತ್ತು. ಅದೇ ಕಟ್ಟಡದಲ್ಲಿ ಅದೇ ಮನೆತನ ಇಂದಿಗೂ ಅದೇ ನಂಬಿಕೆಯಿಂದ ಕೆಲಸ ಮಾಡುತ್ತಿರುವುದರಿಂದಲೇ ಕ್ಯಾಂಟಿಯೋನ್ ಬ್ರೂವರಿ ಬಿಯರ್ ಪ್ರಿಯರ ಗಮನಕ್ಕೆ ಅರ್ಹವಾಗಿದೆ.

ಆರಂಭದಲ್ಲಿ ಈ ಮನೆತನ ಬಿಯರ್ ಕುದಿಸುತ್ತಿರಲಿಲ್ಲ. ಬೇರೆ ತಯಾರಕರಿಂದ ಲ್ಯಾಂಬಿಕ್ ಅನ್ನು, ಎಂದರೆ ಯೀಸ್ಟ್ ಬೆರೆಸದೆ ತಾನಾಗಿಯೇ ಹುದುಗುವ ಹುಳಿ ಬಿಯರ್ ಅನ್ನು ಕೊಂಡು, ತನ್ನ ಪೀಪಾಯಿಗಳಲ್ಲಿ ಹಣ್ಣಾಗಿಸಿ, ಬೆರೆಸಿ ಮಾರುತ್ತಿತ್ತು. ಪಾಲ್ ಅವರ ಮಕ್ಕಳಾದ ರಾಬರ್ಟ್ ಮತ್ತು ಮಾರ್ಸೆಲ್ ಕಾಲಕ್ಕೆ, 1930ರ ದಶಕದ ಕೊನೆಯಲ್ಲಿ, ಹಳೆಯ ಸಲಕರಣೆಗಳನ್ನು ಕೊಂಡು ತಂದು ಸ್ವಂತ ತಯಾರಿಕೆ ಶುರುವಾಯಿತು; ಅದು ಬೇರೂರುವ ಮೊದಲೇ ಎರಡನೆಯ ಮಹಾಯುದ್ಧ ಅಡ್ಡ ಬಂತು. ಮಾರ್ಸೆಲ್ ಅವರ ಮಗಳು ಕ್ಲೋಡ್ ಅವರನ್ನು ಮದುವೆಯಾದ ಜಾನ್-ಪಿಯೆರ್ ವಾನ್ ರಾಯ್ ಮಾವನ ಮನೆಯ ಕಸುಬನ್ನು ಕಲಿತು ಮುನ್ನಡೆಸಿದರು, ಅವರ ಬಳಿಕ ಮಗ ಜಾನ್ ವಾನ್ ರಾಯ್ ಅದನ್ನು ವಹಿಸಿಕೊಂಡರು. ಹೀಗೆ ಹೆಣ್ಣುಮಗಳ ಮೂಲಕ ಮುಂದುವರಿದದ್ದರಿಂದ ಮನೆತನದ ಉಪನಾಮ ಬದಲಾದರೂ ಬ್ರೂವರಿಯ ಹೆಸರು ಉಳಿಯಿತು.

ತಯಾರಿಕೆಯ ಕ್ರಮವನ್ನು ತುಸು ವಿವರವಾಗಿಯೇ ನೋಡಬೇಕು, ಏಕೆಂದರೆ ಈ ಮನೆಯ ಇತಿಹಾಸವೆಲ್ಲ ಅದರಲ್ಲೇ ಅಡಗಿದೆ. ಧಾನ್ಯದಲ್ಲಿ ಸುಮಾರು 65 ಪಾಲು ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಉಳಿದ 35 ಪಾಲು ಮೊಳಕೆ ಬರಿಸದ ಹಸಿ ಗೋಧಿ. ಇವುಗಳನ್ನು ಬಿಸಿನೀರಿನಲ್ಲಿ ಹಂತಹಂತವಾಗಿ ಕಲಸಿ ಸಿಹಿಯಾದ ರಸವನ್ನು ಬಸಿದುಕೊಳ್ಳುತ್ತಾರೆ. ಹುದುಗುವ ಮೊದಲಿನ ಈ ರಸಕ್ಕೆ ವರ್ಟ್ ಎಂದು ಹೆಸರು. ವರ್ಟ್ ಅನ್ನು ಹಲವು ಗಂಟೆ ಕುದಿಸುವಾಗ ಹಾಕುವ ಹಾಪ್ ಹೂಗಳು ವರ್ಷಗಟ್ಟಲೆ ಇಟ್ಟು ಹಳತಾದವು. ಇತರ ಬಿಯರ್‌ಗಳಲ್ಲಿ ತಾಜಾ ಹಾಪ್‌ನ ಕಹಿ ಮತ್ತು ಪರಿಮಳ ಬೇಕು. ಇಲ್ಲಿ ಅವೆರಡೂ ಬೇಡ, ಬಿಯರ್ ಕೆಡದಂತೆ ಕಾಯುವ ಅದರ ಗುಣವಷ್ಟೇ ಸಾಕು. ಕುದಿದ ರಸವನ್ನು ಅನಂತರ ಅಟ್ಟದಲ್ಲಿರುವ, ತಾಮ್ರದ, ಅಗಲವಾದ ಆದರೆ ಆಳವಿಲ್ಲದ ತೆರೆದ ತೊಟ್ಟಿಗೆ ಹರಿಸಿ ರಾತ್ರಿಯಿಡೀ ಬಿಡುತ್ತಾರೆ. ಮಾಡಿನ ಸಂದುಗಳಿಂದ ಬರುವ ತಂಗಾಳಿ ರಸವನ್ನು ಆರಿಸುತ್ತದೆ, ಅದರೊಂದಿಗೇ ಗಾಳಿಯ ಸೂಕ್ಷ್ಮಜೀವಿಗಳು ಬಂದು ಸೇರುತ್ತವೆ. ನಮ್ಮ ಮನೆಗಳಲ್ಲಿ ರುಬ್ಬಿಟ್ಟ ಇಡ್ಲಿ ಹಿಟ್ಟು ಯಾರೂ ಏನನ್ನೂ ಹಾಕದೆ ಬೆಳಗಾಗುವಷ್ಟರಲ್ಲಿ ಉಬ್ಬಿ ಬರುವುದನ್ನು ಕಂಡವರಿಗೆ ಈ ಕ್ರಿಯೆ ತೀರ ಅಪರಿಚಿತವಲ್ಲ. ಇಲ್ಲಿ ಮಾತ್ರ ಹುದುಗು ಒಂದು ರಾತ್ರಿಗೆ ಮುಗಿಯದೆ ಮೂರು ವರ್ಷಗಳವರೆಗೂ ನಡೆಯುತ್ತದೆ.

ಬೆಳಗ್ಗೆ ರಸ ಮರದ ಪೀಪಾಯಿಗಳನ್ನು ಸೇರುತ್ತದೆ. ಕೆಲವು ದಿನಗಳಲ್ಲಿ ಹುದುಗು ಜೋರಾಗಿ ನೊರೆ ಉಕ್ಕಿಸುತ್ತದೆ, ಆಮೇಲೆ ಇಳಿದು ನಿಧಾನವಾಗುತ್ತದೆ. ಮರದಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾಗಳು ಹುಳಿಯನ್ನು ಕೊಡುತ್ತವೆ, ಬ್ರೆಟ್ಟನೊಮೈಸಿಸ್ ಎಂಬ ಕಾಡು ಯೀಸ್ಟ್ ಮಣ್ಣನ್ನೂ ಹಳೆಯ ತೊಗಲನ್ನೂ ನೆನಪಿಸುವ ವಾಸನೆಯನ್ನು ಸೇರಿಸುತ್ತದೆ. ಈ ಯೀಸ್ಟ್ ಅನ್ನು 1904ರಲ್ಲಿ ಕ್ಲಾಸೆನ್ ಎಂಬ ವಿಜ್ಞಾನಿ ಇಂಗ್ಲಿಷ್ ಬಿಯರ್‌ನಿಂದ ಗುರುತಿಸಿದರು. ಮುಂದೆ ಲ್ಯಾಂಬಿಕ್‌ನಲ್ಲಿ ಸಿಕ್ಕ ಪ್ರಭೇದಕ್ಕೆ ಬ್ರಸೆಲ್ಸ್ ನಗರದ ಹೆಸರೇ ಅಂಟಿಕೊಂಡಿತು. ವೈನ್ ತಯಾರಕರಲ್ಲಿ ಹಲವರು ಕೇಡೆಂದು ಅಂಜುವ ಜೀವಿಯೇ ಇಲ್ಲಿ ರುಚಿಯ ಆಧಾರ. ಪೀಪಾಯಿಗಳ ನಡುವಿನ ಜೇಡರ ಬಲೆಗಳನ್ನು ಗುಡಿಸದೆ ಉಳಿಸುವುದು ಉಪೇಕ್ಷೆಯಿಂದಲ್ಲ: ಹುಳಿ ರಸಕ್ಕೆ ಮುತ್ತುವ ನೊಣಗಳನ್ನು ಜೇಡಗಳು ಹಿಡಿಯುವುದರಿಂದ ಕೀಟನಾಶಕದ ಅಗತ್ಯವೇ ಬೀಳದು.

ಆದರೂ ಪ್ರಕೃತಿಗೆ ಬಿಟ್ಟರೆ ಸಾಕು, ಒಳ್ಳೆಯ ಬಿಯರ್ ತಾನಾಗಿ ಬರುತ್ತದೆ ಎಂಬ ಮಾತು ಸಲ್ಲದು. ಒಂದೇ ದಿನ ತುಂಬಿಸಿದ ಎರಡು ಪೀಪಾಯಿಗಳು ಎರಡು ದಾರಿ ಹಿಡಿಯಬಲ್ಲವು, ಹಾಗಾಗಿ ಪ್ರತಿಯೊಂದನ್ನೂ ರುಚಿ ನೋಡಿ ತೂಗಬೇಕಾಗುತ್ತದೆ. ಒಂದು, ಎರಡು ಮತ್ತು ಮೂರು ವರ್ಷದ ಲ್ಯಾಂಬಿಕ್‌ಗಳನ್ನು ಬೆರೆಸಿ ಸೀಸೆಗೆ ತುಂಬಿದ ಬಿಯರ್‌ಗೆ ಗ್ಯೂಜ್ ಎನ್ನುತ್ತಾರೆ. ಎಳೆಯದರಲ್ಲಿ ಉಳಿದ ಸಕ್ಕರೆ ಸೀಸೆಯೊಳಗೆ ಮತ್ತೆ ಹುದುಗಿ ನೊರೆಗುಳ್ಳೆಗಳನ್ನು ಹುಟ್ಟಿಸುತ್ತದೆ, ಹಳೆಯದು ಗಾಂಭೀರ್ಯವನ್ನೂ ಪರಿಮಳವನ್ನೂ ಕೊಡುತ್ತದೆ. ಹುಳಿ ಚೆರ್ರಿ ಹಣ್ಣುಗಳನ್ನು ನೆನೆಸಿಟ್ಟರೆ ಅದು ಕ್ರೀಕ್. ಅಲ್ಲಿ ಹಣ್ಣಿನ ಬಣ್ಣ ಮತ್ತು ಸತ್ವ ಉಳಿಯುತ್ತದೆ, ಸಿಹಿ ಉಳಿಯುವುದಿಲ್ಲ. ತಲೆಮಾರಿನಿಂದ ತಲೆಮಾರಿಗೆ ದಾಟುವ ವಿದ್ಯೆ ಎಂದರೆ ಮುಖ್ಯವಾಗಿ ಈ ಮಿಶ್ರಣದ ನಾಲಿಗೆಯೇ. ಉಳಿದುದನ್ನು ಪುಸ್ತಕದಲ್ಲಿ ಬರೆದಿಡಬಹುದು, ಇದನ್ನು ಹಿರಿಯರ ಪಕ್ಕದಲ್ಲಿ ನಿಂತು ವರ್ಷಗಟ್ಟಲೆ ರುಚಿ ನೋಡಿಯೇ ಕಲಿಯಬೇಕು.

ಇಷ್ಟು ನಿಧಾನದ ಕಸುಬಿಗೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧ ಕಠಿಣವಾಗಿತ್ತು. ತಂಪುಪಾನೀಯಗಳ ಸಿಹಿಗೆ ಜನರ ನಾಲಿಗೆ ಒಗ್ಗಿದಂತೆ ಹುಳಿ ಬಿಯರ್ ಹಿಂದೆ ಸರಿಯಿತು, ಸಿಹಿ ಬೆರೆಸಿದ ಗ್ಯೂಜ್ ಮಾರುಕಟ್ಟೆಗೆ ಬಂತು, ಬ್ರಸೆಲ್ಸ್‌ನ ಲ್ಯಾಂಬಿಕ್ ಮನೆಗಳು ಒಂದೊಂದಾಗಿ ಮುಚ್ಚಿದವು. 1978ರಲ್ಲಿ ವಾನ್ ರಾಯ್ ಕುಟುಂಬ ಬ್ರೂವರಿಯನ್ನೇ ಗ್ಯೂಜ್‌ನ ವಸ್ತುಸಂಗ್ರಹಾಲಯವಾಗಿಯೂ ತೆರೆದಿಟ್ಟಿತು. ಸಂಗ್ರಹಾಲಯವೆಂದರೆ ಸತ್ತುಹೋದ ಕಸುಬಿನ ಗುರುತು ಎಂಬ ಭಾವನೆ ಸಾಮಾನ್ಯ, ಇಲ್ಲಿ ಹಾಗಾಗಲಿಲ್ಲ. ನೋಡಲು ಬಂದವರು ಚಾಲನೆಯಲ್ಲಿರುವ ಹಳೆಯ ಯಂತ್ರಗಳ ನಡುವೆ ನಡೆದು, ಕೊನೆಗೆ ಒಂದು ಲೋಟ ಕುಡಿದು, ಹುಳಿಗೆ ಹೆದರದ ಹೊಸ ಗಿರಾಕಿಗಳಾದರು. ಬಿಯರ್ ಅನ್ನು ಸಿಹಿ ಮಾಡಿ ಜನರತ್ತ ಒಯ್ಯುವ ಬದಲು ಜನರನ್ನೇ ಬಿಯರ್‌ನತ್ತ ಕರೆತಂದ ಆ ತೀರ್ಮಾನ ಈ ಮನೆತನದ ಅತ್ಯಂತ ವಿವೇಕದ ಹೆಜ್ಜೆ ಎನ್ನಬೇಕು.

ಇಂದು ಬೇಡಿಕೆಗೆ ಕೊರತೆಯಿಲ್ಲ, ಕೊರತೆಯಿರುವುದು ಚಳಿಗೆ. ರಸ ಒಂದೇ ರಾತ್ರಿಯಲ್ಲಿ ಸರಿಯಾಗಿ ಆರಬೇಕಾದ್ದರಿಂದ ಮತ್ತು ಬೇಸಗೆಯ ಗಾಳಿಯಲ್ಲಿ ಬಿಯರ್ ಕೆಡಿಸುವ ಜೀವಿಗಳು ಹೆಚ್ಚಾಗಿರುವುದರಿಂದ, ಇಲ್ಲಿ ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗಿನ ತಂಪು ತಿಂಗಳುಗಳಲ್ಲಿ ಮಾತ್ರ ಕುದಿಸುತ್ತಾರೆ. 2015ರ ನವೆಂಬರ್‌ನಲ್ಲಿ ಹವೆ ಅಕಾಲಿಕವಾಗಿ ಬೆಚ್ಚಗಾಗಿ ಕೆಲಸವನ್ನು ನಿಲ್ಲಿಸಬೇಕಾಯಿತು. ಪೀಪಾಯಿಗಳನ್ನಿಡಲು ಬೇರೆ ಜಾಗವನ್ನು ಹುಡುಕಿಕೊಳ್ಳಬಹುದು, ಹಣ್ಣನ್ನು ದೂರದಿಂದ ತರಿಸಬಹುದು, ಯಂತ್ರದಿಂದ ರಸವನ್ನು ತಣಿಸುವುದೂ ಸಾಧ್ಯ. ಆದರೆ ಹಾಗೆ ಮುಚ್ಚಿ ತಣಿಸಿದ ರಸಕ್ಕೆ ಆ ಅಟ್ಟದ ಗಾಳಿ ತಾಗುವುದಿಲ್ಲ, ಅದು ತಾಗದೆ ಲ್ಯಾಂಬಿಕ್ ಆಗುವುದಿಲ್ಲ. ಆದ್ದರಿಂದ ಬೇಡಿಕೆ ಎಷ್ಟೇ ಬೆಳೆದರೂ, ಆ ವರ್ಷ ಎಷ್ಟು ರಾತ್ರಿಗಳು ಸಾಕಷ್ಟು ತಣ್ಣಗಿರುತ್ತವೆ ಎಂಬುದೇ ಗ್ಯೂಡ್ ಬೀದಿಯಲ್ಲಿ ಎಷ್ಟು ಬಿಯರ್ ತಯಾರಾಗಬೇಕೆಂಬುದನ್ನು ಗೊತ್ತುಪಡಿಸುತ್ತದೆ.