ಹುಲ್ಲುಹಾಸಿನ ಬೇಸಿಗೆ ರೋಗಗಳು

ಮೋರಖಂಡಿ, ಬಸವಕಲ್ಯಾಣ, ಹುಮನಾಬಾದ್ ಸೀಮೆಯಲ್ಲಿ ಮಾರ್ಚ್‌ನಿಂದ ಮೇವರೆಗೆ ಹುಲ್ಲುಹಾಸು ಬಣ್ಣಗೆಟ್ಟರೆ ಮೊದಲು ಅನುಮಾನಿಸಬೇಕಾದದ್ದು ನೀರಿನ ಕೊರತೆಯನ್ನು. ಬಾಯಾರಿದ ಗರಿಕೆ ಬೂದು ಬಣ್ಣಕ್ಕೆ ತಿರುಗುತ್ತದೆ, ಎಲೆ ಮಡಚಿಕೊಳ್ಳುತ್ತದೆ, ತುಳಿದ ಹೆಜ್ಜೆಯ ಗುರುತು ಹಾಗೇ ಉಳಿಯುತ್ತದೆ. ನೀರು ಕೊಟ್ಟರೆ ಚೇತರಿಸಿಕೊಳ್ಳುತ್ತದೆ. ಹಿಡಿದೆಳೆದರೆ ಹಾಸು ಚಾಪೆಯಂತೆ ಎದ್ದು ಬಂದರೆ ಬೇರು ತಿಂದಿರುವುದು ಗೊಣ್ಣೆಹುಳು.

ಇವೆರಡೂ ಅಲ್ಲದಿದ್ದರೆ ರೋಗವಿರಬಹುದು. ರೋಗಕ್ಕೆ ಕಾರಣವಾದ ಶಿಲೀಂಧ್ರಕ್ಕೆ ಎಲೆಯ ಮೇಲೆ ಗಂಟೆಗಟ್ಟಲೆ ತೇವ ಬೇಕು. ಒಣಹವೆಯ ಈ ಸೀಮೆಯಲ್ಲಿ ಆ ತೇವವನ್ನು ಬಹುಮಟ್ಟಿಗೆ ಒದಗಿಸುವುದು ಸಂಜೆ ಹಾಯಿಸಿದ ನೀರು. ಅಕಾಲ ಮಳೆ ಬಿದ್ದು ರಾತ್ರಿಯೂ ಸೆಕೆ ಉಳಿದರೆ ರೋಗ ಬಲಿಯುತ್ತದೆ.

ರೋಗ ಗುರುತಿಸಲು ಬೆಳಗಿನ ಹೊತ್ತೇ ಸರಿ. ಡಾಲರ್ ಸ್ಪಾಟ್ ರೋಗದಲ್ಲಿ ಐದಾರು ಸೆಂ.ಮೀ. ಅಗಲದ ಒಣಹುಲ್ಲಿನ ಬಣ್ಣದ ಮಚ್ಚೆಗಳು ಮೂಡುತ್ತವೆ, ಇಬ್ಬನಿ ಆರುವ ಮೊದಲು ಅವುಗಳ ಮೇಲೆ ಜೇಡರಬಲೆಯಂಥ ಬಿಳಿ ಎಳೆ ಕಾಣುತ್ತದೆ. ಅಂಚಿನ ಒಂದು ಎಲೆ ಕಿತ್ತು ಬೆಳಕಿಗೆ ಹಿಡಿದರೆ ಅಡ್ಡಲಾಗಿ ಬಿಳುಚಿದ ಪಟ್ಟಿ, ಅದರ ಎರಡೂ ಬದಿಗೆ ಕೆಂಗಂದು ಗೆರೆ ಸ್ಪಷ್ಟವಾಗಿರುತ್ತದೆ. ಸಾರಜನಕ ಕಡಿಮೆಯಾದ ಹಾಸಿಗೆ ಇದು ಬೇಗ ತಗಲುತ್ತದೆ. ಕಂದು ಮಚ್ಚೆ ರೋಗ ಇದಕ್ಕೆ ತದ್ವಿರುದ್ಧ: ಯೂರಿಯಾ ಹೆಚ್ಚಾದಲ್ಲಿ ಬರುತ್ತದೆ, ಮಚ್ಚೆ ಒಂದು ಮೀಟರ್‌ವರೆಗೂ ಹರಡುತ್ತದೆ. ಪಿಥಿಯಂ ಕೊಳೆರೋಗದಲ್ಲಿ ಹುಲ್ಲು ಎಣ್ಣೆ ಸವರಿದಂತೆ ಜಿಡ್ಡಾಗಿ ಮಲಗುತ್ತದೆ, ರೋಗ ನೀರು ಹರಿದ ದಾರಿಯಲ್ಲೇ ಸಾಗುತ್ತದೆ; ಒಂದೆರಡು ದಿನದಲ್ಲೇ ಹಾಸನ್ನು ನುಂಗಬಲ್ಲ ರೋಗವಿದು. ಎಲೆ ಸವರಿದಾಗ ಬೆರಳಿಗೆ ಕಿತ್ತಳೆ ಪುಡಿ ಅಂಟಿದರೆ ತುಕ್ಕುರೋಗ.

ಆರೈಕೆ ನೀರಿನಿಂದಲೇ ಶುರುವಾಗಬೇಕು. ನಸುಕಿನಲ್ಲಿ, ಹತ್ತು–ಹದಿನೈದು ಸೆಂ.ಮೀ. ಆಳ ನೆನೆಯುವಷ್ಟು ನೀರು ಕೊಟ್ಟು, ಮೇಲ್ಮಣ್ಣು ಆರಿದ ಮೇಲಷ್ಟೇ ಮತ್ತೆ ಕೊಡಬೇಕು. ಎರೆಮಣ್ಣು ನೀರು ಹಿಡಿದಿಡುವುದರಿಂದ ಅಂತರ ಹೆಚ್ಚಿರಲಿ. ಕೆಂಪು ಜಂಬಿಟ್ಟಿಗೆ ನೆಲ ಬೇಗ ಬಸಿಯುವುದರಿಂದ ಅಂತರ ತಗ್ಗಲಿ. ಒಮ್ಮೆಗೆ ಹುಲ್ಲಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು. ಕತ್ತರಿಸುವ ಅಲಗು ಹರಿತವಾಗಿರಬೇಕು. ಹರಿದ ತುದಿಯೇ ಶಿಲೀಂಧ್ರಕ್ಕೆ ಬಾಗಿಲು. ರೋಗ ಕಂಡ ಜಾಗವನ್ನು ಕೊನೆಗೆ ಕತ್ತರಿಸಿ, ಯಂತ್ರವನ್ನು ತೊಳೆದಿಡಬೇಕು. ಬುಡದಲ್ಲಿ ಕೂಡಿದ ಸತ್ತ ಹುಲ್ಲನ್ನು ಬಾಚಿ ತೆಗೆದು, ಟ್ರೈಕೋಡರ್ಮಾ ಬೆರೆಸಿದ ಕಳಿತ ಗೊಬ್ಬರವನ್ನು ತೆಳುವಾಗಿ ಹರಡಬಹುದು.

ಇಷ್ಟಾದರೂ ಮಚ್ಚೆ ಹಿಗ್ಗುತ್ತಿದ್ದರೆ ಮಾತ್ರ ಔಷಧಿ. ಡಾಲರ್ ಸ್ಪಾಟ್, ಕಂದು ಮಚ್ಚೆ, ತುಕ್ಕುರೋಗಗಳಿಗೆ ಲೀಟರ್ ನೀರಿಗೆ 1 ಮಿ.ಲೀ. ಪ್ರೊಪಿಕೊನಜೋಲ್ ಬೆರೆಸಿ ಸಿಂಪಡಿಸಬೇಕು. ಪಿಥಿಯಂಗೆ ಅದು ನಾಟುವುದಿಲ್ಲ, ಲೀಟರಿಗೆ 2 ಗ್ರಾಂ ಮೆಟಲಾಕ್ಸಿಲ್–ಮ್ಯಾಂಕೋಜೆಬ್ ಮಿಶ್ರಣ ಬೇಕು. ಒಂದೇ ಔಷಧಿಯನ್ನು ಮೇಲಿಂದ ಮೇಲೆ ಬಳಸಿದರೆ ಶಿಲೀಂಧ್ರ ಅದಕ್ಕೆ ಒಗ್ಗಿಕೊಳ್ಳುತ್ತದೆ. ರೋಗ ಯಾವುದೆಂಬ ಖಚಿತತೆ ಇಲ್ಲದಿದ್ದರೆ ಮಚ್ಚೆಯ ಅಂಚಿನಿಂದ, ಅರ್ಧ ಹಸಿರು ಅರ್ಧ ಒಣಗಿದ ಹುಲ್ಲನ್ನು ಬೇರು, ಮಣ್ಣಿನ ಸಮೇತ ಕಿತ್ತು ಜನವಾಡದ ಕೃಷಿ ವಿಜ್ಞಾನ ಕೇಂದ್ರಕ್ಕೋ ಬೀದರ್‌ನ ತೋಟಗಾರಿಕೆ ಮಹಾವಿದ್ಯಾಲಯಕ್ಕೋ ಒಯ್ದು ತೋರಿಸುವುದು ಲೇಸು. ಪೂರ್ತಿ ಸತ್ತ ನಡುಭಾಗದ ಹುಲ್ಲಿನಿಂದ ರೋಗ ಪತ್ತೆಯಾಗುವುದು ಕಷ್ಟ.