ನೆರೆಯವರ ಗುಟ್ಟು ಮತ್ತು ಬಾಲಕನ ನೋಟ

ಎಳೆಯ ವಯಸ್ಸಿನವನೊಬ್ಬ ನೆರೆಹೊರೆಯವರ ಗುಟ್ಟನ್ನು ಅರಿಯುವ ಮನೋವೈಜ್ಞಾನಿಕ ರೋಚಕ ಕಥನ ಕನ್ನಡದಲ್ಲಿ ಇಲ್ಲವೆಂಬ ಮಾತನ್ನು ಹೊರನಾಡಿನ ಸಂಶೋಧಕ ಮಿತ್ರರಿಂದ ನಾವು ಆಗಾಗ ಕೇಳಿದ್ದೇವೆ. ಪತ್ತೇದಾರಿ ಕಾದಂಬರಿಗಳಲ್ಲಷ್ಟೇ ಹುಡುಕಿದರೆ ಆ ಮಾತು ನಿಜವೆಂದೇ ತೋರೀತು. ಯು. ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ ಕಥೆಯನ್ನೂ ಅದನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು 1977ರಲ್ಲಿ ನಿರ್ದೇಶಿಸಿದ ಚಿತ್ರವನ್ನೂ ಈ ಬಗೆಯ ಕಥನವಾಗಿ ಓದಲು ಸಾಧ್ಯವೆಂಬುದು ನಮ್ಮ ಅಭಿಪ್ರಾಯ.

ಈ ಓದಿಗೆ ಚೆನ್ನೈನ ವಡಪಳನಿಯಿಂದ ಒಂದು ಹೋಲಿಕೆ ದೊರೆಯುತ್ತದೆ. 1954ರಲ್ಲಿ ಅಲ್ಲಿನ ಎ.ವಿ.ಎಂ. ಸಂಸ್ಥೆಯ ಆಶ್ರಯದಲ್ಲಿ ‘ಬೇಡರ ಕಣ್ಣಪ್ಪ’ವೂ ಎಸ್. ಬಾಲಚಂದರ್ ನಿರ್ದೇಶನದ ತಮಿಳಿನ ‘ಅಂದ ನಾಳ್’ ಚಿತ್ರವೂ ತೆರೆಕಂಡವು. ಎರಡರಲ್ಲಿಯೂ ನಾಯಕಿ ಭಟ್ಕಳ ಮೂಲದ ಪಂಡರಿಬಾಯಿ. ಮೊದಲನೆಯದನ್ನು ಕನ್ನಡ ವಿಮರ್ಶೆ ಮರೆತಿಲ್ಲ. ಎರಡನೆಯದು ತಮಿಳಿನದೆಂಬ ಕಾರಣಕ್ಕೆ ನಮ್ಮ ಚರ್ಚೆಯಿಂದ ಹೊರಗೇ ಉಳಿದಿದೆ. ಹಾಡುಗಳೇ ಇಲ್ಲದ ಆ ಚಿತ್ರದಲ್ಲಿ, 1943ರ ಅಕ್ಟೋಬರಿನಲ್ಲಿ ಮದರಾಸಿನ ಮೇಲೆ ಜಪಾನೀಯರ ಬಾಂಬು ಬಿದ್ದ ಮರುದಿನ, ರೇಡಿಯೋ ಎಂಜಿನಿಯರ್ ರಾಜನ್ ಗುಂಡೇಟಿನಿಂದ ಸಾಯುತ್ತಾನೆ. ಸದ್ದು ಕೇಳಿ ಪೊಲೀಸರಿಗೆ ತಿಳಿಸುವವನು ನೆರೆಮನೆಯ ಚಿನ್ನಯ್ಯ. ‘ರಾಶೋಮನ್’ (1950) ಚಿತ್ರದಲ್ಲಿರುವಂತೆ ಇಲ್ಲಿಯೂ ಒಬ್ಬೊಬ್ಬರದು ಒಂದೊಂದು ಕಥೆ. ಪತಿ ದೇಶದ್ರೋಹಿಯೆಂದು ತಿಳಿದ ಪತ್ನಿಯ ಕೈಯಿಂದಲೇ ಗುಂಡು ಹಾರಿತೆಂದು ಗೊತ್ತಾಗುವಲ್ಲಿ ಒಗಟು ಬಿಡುತ್ತದೆ. ದೇಶಭಕ್ತಿಯ ಹೆಸರಿನಲ್ಲಿ ಅವಳ ತೊಳಲಾಟ ತುಸು ಸುಲಭವಾಗಿಯೇ ಮುಗಿಯಿತೇನೋ ಎಂದು ನಮಗೆ ಅನ್ನಿಸಿದ್ದುಂಟು.

ಬಾಲಕನೇ ಸಾಕ್ಷಿಯಾಗುವ ಮಾದರಿಗೆ ಅಮೆರಿಕದ ‘ದಿ ವಿಂಡೋ’ (1949) ಪ್ರಸಿದ್ಧ ನಿದರ್ಶನ. ಮೇಲಂತಸ್ತಿನವರು ಮಾಡಿದ ಕೊಲೆಯನ್ನು ಹುಡುಗ ಕಾಣುತ್ತಾನೆ. ಸುಳ್ಳುಬುರುಕನೆಂದು ಯಾರೂ ನಂಬುವುದಿಲ್ಲ. ಕೊನೆಗೆ ಅವನ ಮಾತೇ ಗೆಲ್ಲುತ್ತದೆ.

ನಾಣಿಗೆ ಅಂಥ ಗೆಲುವಿಲ್ಲ. ವೇದಾಧ್ಯಯನಕ್ಕೆಂದು ಉಡುಪರ ಮನೆಗೆ ಬಂದ ಈ ಹುಡುಗ ಹದಿಹರೆಯವನ್ನೂ ಮುಟ್ಟಿದವನಲ್ಲ. ಅವರ ವಿಧವೆ ಮಗಳು ಯಮುನಕ್ಕ ಬಸುರಿಯೆಂಬುದು ಅವನಿಗೆ ತುಂಡುತುಂಡಾಗಿ ತಿಳಿಯುತ್ತದೆ. ತಿಳಿದದ್ದರ ಅರ್ಥ ಪೂರ್ತಿ ಆಗುವುದಿಲ್ಲ. ಇಲ್ಲಿ ಉಸಿರು ಬಿಗಿಹಿಡಿಸುವುದು ಗುಟ್ಟು ಏನೆಂಬ ಕುತೂಹಲವಲ್ಲ. ಓದುಗನಿಗೆ ಅದು ಹುಡುಗನಿಗಿಂತ ಮೊದಲೇ ಹೊಳೆದಿರುತ್ತದೆ. ಹೇಳಿದರೆ ಅಕ್ಕನಿಗೆ ಕೇಡು, ಹೇಳದಿದ್ದರೆ ಅವಳ ಜೀವಕ್ಕೇ ಅಪಾಯ ಎಂಬ ಇಕ್ಕಟ್ಟೇ ಇಲ್ಲಿಯ ರೋಚಕತೆ. ಕತ್ತಲಲ್ಲಿ ಅವಳು ಹುತ್ತದೊಳಗೆ ಕೈಯಿಡುವ ಪ್ರಸಂಗದಲ್ಲಿ ಈ ಇಕ್ಕಟ್ಟು ತುದಿಮುಟ್ಟುತ್ತದೆ. ನಿಜಕ್ಕೂ ಪತ್ತೇದಾರಿಕೆ ನಡೆಸುವುದು ಊರು; ಅದರ ತೀರ್ಪು, ಬದುಕಿರುವವಳಿಗೆ ತಂದೆಯೇ ಮಾಡುವ ಶ್ರಾದ್ಧ.

‘ಘಟಶ್ರಾದ್ಧ’ವನ್ನು ವಿಧವೆಯ ಸಮಸ್ಯೆಯ ಕೃತಿಯೆಂದು ಮಾತ್ರ ವಿವರಿಸಿದಾಗ ನಾಣಿ ಬರಿಯ ಕಿಟಕಿಯಾಗಿಬಿಡುತ್ತಾನೆ. ಇದೇ ಕಥೆಯನ್ನು ಆಧರಿಸಿದ ಹಿಂದಿಯ ‘ದೀಕ್ಷಾ’ (1991) ಚಿತ್ರವನ್ನು ಬಲ್ಲ ಹೊರನಾಡಿನ ಓದುಗರು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಬಾಲಕನ ಪಾಲೆಷ್ಟೆಂದು ಪರಿಶೀಲಿಸಬಹುದು. ಕನ್ನಡ ಚಿತ್ರದ ಅಂತ್ಯದಲ್ಲಿ ನಾಣಿ ತಂದೆಯೊಡನೆ ಊರು ಬಿಡುತ್ತಾನೆ. ತಲೆ ಬೋಳಿಸಿಕೊಂಡ ಯಮುನಕ್ಕ ಮರದ ಬುಡದಲ್ಲಿ ಒಬ್ಬಳೇ ಕುಳಿತಿರುತ್ತಾಳೆ.